ಕೆಂಪು ಸಾಕ್ಸು

ಆ ಕೆಂಪು ಸಾಕ್ಸು ನನ್ನವು ಎಂದು ಹೇಳಬೇಕಿತ್ತು. ನಾನು ಹೇಳಲಿಲ್ಲ.

ಅಕ್ಕ ಲಾಡ್ಜು, ಅಂಗಡಿಗಳ ಒಳಗೆ ಮೊಬೈಲಿನಲ್ಲಿ ಸುತ್ತಲಿನ ಫೋಟೊ ತೆಗೆಯುತ್ತಾಳೆ. ನೋಡುವವರು ಮನೆಯಲ್ಲೇ ಕುಳಿತು ಬೆರಳಿನಿಂದ ಇಡೀ ಕೋಣೆ ತಿರುಗಿಸಿ ನೋಡಬಹುದು. ಫೋಟೊ ತೆಗೆಯುವಾಗ ಅವಳು ಉಸಿರು ಬಿಗಿಹಿಡಿದು, ಬೀಸುವ ಕಲ್ಲಿನ ಹಾಗೆ ನಿಂತಲ್ಲೇ ತಿರುಗುತ್ತಾಳೆ; ಮೊಬೈಲು ತುಂಡು ತುಂಡಾಗಿ ತೆಗೆದು ಜೋಡಿಸುತ್ತದೆ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಲೈಟು ಹಾಕುವುದು, ಕುರ್ಚಿ ಸರಿಸುವುದು, ಆಮೇಲೆ ಫೋಟೊದಲ್ಲಿ ಬೀಳದಂತೆ ಅವಳ ಹಿಂದೆಯೇ ತಿರುಗುವುದು ನನ್ನ ಕೆಲಸ.

"ನನ್ನ ಬೆನ್ನ ಬಿಡಬ್ಯಾಡಲೇ" ಎಂದು ಪ್ರತಿ ಸಲವೂ ಹೇಳುತ್ತಾಳೆ.

ಬಾದಾಮಿಯ ಲಾಡ್ಜಿನ ಮಾಲೀಕರು, ಒಂದು ರೂಮಿನ ಫೋಟೊ ಚೆನ್ನಾಗಿ ಬಂದರೆ ಉಳಿದ ರೂಮುಗಳ ಕೆಲಸವೂ ನಿನಗೇ ಎಂದು ಅಕ್ಕನಿಗೆ ಹೇಳಿದ್ದರು. ಅವಳು ತಿರುಗುತ್ತಿರುವಾಗಲೇ, ಗಾದಿ ಮೆತ್ತಗಿದೆಯೇ ಎಂದು ನಾನು ಒಂದು ಗಳಿಗೆ ಕುಳಿತು ನೋಡಿದೆ.

ಫೋಟೊ ತಿರುಗಿಸುತ್ತಿದ್ದ ಮಾಲೀಕರ ಬೆರಳು ನಿಂತಿತು. ಗಾದಿಯ ಅಂಚಿನಲ್ಲಿ ಕೆಂಪು ಸಾಕ್ಸಿನ ಎರಡು ಕಾಲು. ಮೇಲೆ ಮನುಷ್ಯನೇ ಇಲ್ಲ.

"ಏನವಾ ಇದು? ದೆವ್ವ ಐತಿ ಅಂತ ಗಿರಾಕಿ ಓಡಿಹೋಗ್ತಾರ!"

ಅಕ್ಕ ಒಮ್ಮೆ ನನ್ನ ಕಾಲು ನೋಡಿದಳು. "ಮೊಬೈಲಿಂದು ತಪ್ಪರಿ."

"ಮೊಬೈಲು ಸಾಕ್ಸು ಹಾಕ್ಕೊಂತದೇನ? ಸಾಕು, ಉಳಿದ ರೂಮು ಬ್ಯಾಡ."

ಆಗ ಮಾತ್ರ ನಾನು ಅವಳ ಬೆನ್ನು ಬಿಡಲಿಲ್ಲ. ಕಾಲು ಮರೆಮಾಡಿಕೊಂಡು ಹಿಂದೆಯೇ ನಿಂತಿದ್ದೆ.

ಮೊನ್ನೆ ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಅವಳು ಮತ್ತೆ ತಿರುಗತೊಡಗಿದಳು. ಫೋಟೊ ಮುಗಿಯುವವರೆಗೆ ಅವಳು ಅರ್ಧಕ್ಕೆ ನಿಲ್ಲುವಂತಿಲ್ಲ, ಹೊರಳಿ ನನ್ನತ್ತ ನೋಡುವಂತಿಲ್ಲ. ಬರಿಗಾಲಲ್ಲಿ ಅವಳ ಹಿಂದೆ ಹೆಜ್ಜೆ ಹಾಕುತ್ತ, ಅಂಗಡಿಯವರಿಗೂ ಕೇಳುವಂತೆ ಹೇಳಿದೆ:

"ಅಕ್ಕಾ, ಅವತ್ತ ಆ ಕಾಲು ನನ್ನವು ಅಂತ ನಾ ಹೇಳಬೇಕಿತ್ತು. ತಪ್ಪಾತು."