ಸಾರಕ್ಕಿಯ ಸಿಪಿಲೆ ಮತ್ತು ಉಳಿದ ಎರಡು ಅಂಕಿ

ಸಾರಕ್ಕಿ ಕೆರೆಯಲ್ಲಿ ನಾನು ವಾದ ಸೋತೂ ಕುಣಿದೆ ಎಂದು ಗೆಳೆಯರು ಈಗಲೂ ಹೇಳಿಕೊಂಡು ತಿರುಗುತ್ತಾರೆ. ಕುಣಿದದ್ದು ನಿಜ. ಸೋತದ್ದು ಸುಳ್ಳು.

ಎಂಬತ್ತರ ದಶಕದ ಮೊದಲ ವರ್ಷಗಳು. ಗೌರಿ ಹಬ್ಬದ ಆಸುಪಾಸಿನಲ್ಲಿ ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು ಭಾನುವಾರದ ಬೆಳಗ್ಗೆ ನಮ್ಮನ್ನು ಕೆರೆಗೆ ಕರೆದೊಯ್ಯುತ್ತಿದ್ದರು. ಕೆರೆಯ ಕಾಲುವೆಯಲ್ಲಿ ನೆಟ್ಟ ಗಳಗಳ ನಡುವೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಬಲೆ ಕಟ್ಟಿ, ಹಿಮಾಲಯದಿಂದ ಬರುವ ಹಕ್ಕಿಗಳನ್ನು ಹಿಡಿದು, ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡುವುದು ಕೆಲಸ. ಒಂದು ವರ್ಷ ಅಲ್ಲಿ ಸಿಕ್ಕಿದ್ದು ಒಂದೇ ಒಂದು ಸಿಪಿಲೆ, ಸದಾ ಬಾಲ ಕುಣಿಸುವ ಪುಟ್ಟ ಹಕ್ಕಿ. ಮೇಷ್ಟ್ರು ಅದಕ್ಕೆ ಉಂಗುರ ಹಾಕಿ, "ಮುಂದಿನ ವರ್ಷ ಇದೇ ಕಾಲುವೆಗೆ ಬರುತ್ತೆ, ನೋಡ್ತಿರಿ" ಎಂದರು.

ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್‌ಗಳ ಅಮಲು ನನಗೆ. "ಬರಲ್ಲ ಸಾರ್. ಬಂದ್ರೆ ಕ್ಲಾಸಲ್ಲಿ ಎದ್ದು ನಿಂತು ಸೋತೆ ಅಂತೀನಿ."

ಮರುವರ್ಷ ಅದೇ ಕಾಲುವೆಯ ಬಲೆಯಲ್ಲಿ ಹಳದಿ ಹೊಟ್ಟೆಯ ಸಿಪಿಲೆ. ಕಾಲಲ್ಲಿ ಉಂಗುರ!

ಮೇಷ್ಟ್ರದು ಒಂದು ಕಟ್ಟುನಿಟ್ಟು: ಅವರು ಒಂದೊಂದೇ ಅಂಕಿ ಓದಬೇಕು, ಬರೆಯುವವನು ಅದನ್ನು ತಿರುಗಿ ಕೂಗಬೇಕು, ಎಲ್ಲ ಮುಗಿದ ಮೇಲೆಯೇ ಹಕ್ಕಿಗೆ ಬಿಡುಗಡೆ. ನಂಬರು ಬರೆಯುವ ಪುಸ್ತಕ ನನ್ನ ಕೈಯಲ್ಲಿತ್ತು. ಆರು ಅಂಕಿಯಲ್ಲಿ ನಾಲ್ಕು ಓದಿದರು. ನಾಲ್ಕೂ ಹಿಂದಿನ ವರ್ಷದ ಪುಟಕ್ಕೆ ಹೊಂದಿದವು.

"ಸೋತೆ ಗುರು, ಒಪ್ಕೋ!" ಗೆಳೆಯ ಬೆನ್ನಿಗೆ ಗುದ್ದಿದ.

"ತಾಳೋ! ನಮ್ಮ ಉಂಗುರಗಳಲ್ಲಿ ಮೊದಲ ನಾಲ್ಕು ಅಂಕಿ ಎಲ್ಲದರಲ್ಲೂ ಒಂದೇ. ಮಡಿವಾಳ ಕೆರೇಲೂ ಸಿಪಿಲೆಗಳಿಗೆ ಹಾಕಿದ್ವಲ್ಲ ಸಾರ್, ಅಲ್ಲೀದು ದಾರಿ ತಪ್ಪಿ ಬಂದಿದ್ರೆ?"

"ಲೋ, ನೀನು ಲಾಯರಾಗು ಹೋಗಯ್ಯ. ಹಕ್ಕಿಗಳು ನೆಮ್ಮದಿಯಾಗಿರ್ಲಿ!" ಮೇಷ್ಟ್ರು ಮೈಯೆಲ್ಲ ಕುಲುಕಿಸಿ ನಕ್ಕರು. ಆ ನಗುವಿನಲ್ಲಿ ಬೆರಳು ಸಡಿಲವಾಯಿತು. ಹಕ್ಕಿ ಹಾರಿ ಕಾಲುವೆಯ ಕಲ್ಲಿನ ಮೇಲೆ ಕೂತು, ನಮ್ಮ ಕಡೆಗೇ ತಿರುಗಿ ಬಾಲ ಕುಣಿಸತೊಡಗಿತು. ಅಷ್ಟು ದೂರದಿಂದ ಬಂದ ಅಂಗೈಯಷ್ಟು ಜೀವ! ಕೇಕೆ ಹಾಕಿದೆವು. ಚಪ್ಪಲಿ ಕೆಸರಲ್ಲಿ ಹೂತರೂ ಬಿಡದೆ ಎಲ್ಲರಿಗಿಂತ ಜೋರಾಗಿ ಕುಣಿದವನು ನಾನೇ.

ಸೋಮವಾರ ಕ್ಲಾಸಿನಲ್ಲಿ ಎದ್ದು ನಿಂತೆ. "ಆರರಲ್ಲಿ ನಾಲ್ಕು ಭಾಗ ಸೋತಿದ್ದೀನಿ ಸಾರ್. ಎರಡು ಭಾಗ ಬಾಕಿ ಇದೆ." ಮೇಜು ಕುಟ್ಟಿ ನಕ್ಕವರಲ್ಲಿ ಮೇಷ್ಟ್ರೇ ಮೊದಲಿಗರು. ಪುಸ್ತಕದಲ್ಲಿ ಮಾತ್ರ ಆ ಎರಡು ಅಂಕಿಯ ಮನೆಗಳನ್ನು ಖಾಲಿ ಬಿಡಿಸಿದರು.

ಆದರೆ ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ, ಅವರ ಕೈಯಿಂದ ಒಂದು ಹಕ್ಕಿಯೂ ಜಾರಿದ್ದನ್ನು ನಾನು ಕಂಡಿಲ್ಲ. ನಿಜ ಹೇಳಿ ಸಾರ್, ನಗೋಕೆ ಮುಂಚೆಯೇ ಆ ಎರಡು ಅಂಕಿ ಓದ್ಕೊಂಡು, ಬೇಕಂತಲೇ ಬೆರಳು ಸಡಿಲ ಬಿಟ್ರಾ?