ಮೊದಲ ಬಟ್ಟಲು ಕೆರೆವ್ವನದು

ಅಡುಗೆಮನೆಯಿಂದ ಗಿಣ್ಣದ ವಾಸನೆ ಬರುತ್ತಿತ್ತು. ನಿನ್ನೆ ಎಮ್ಮೆ ಈದಿದೆ. ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಬಿದ್ದಿರಬೇಕು. ಅದೇ ಹೊತ್ತಿಗೆ ನನ್ನ ಮೊಬೈಲಿನಲ್ಲೊಂದು ಸುದ್ದಿ: ಪರದೇಶದ ಮ್ಯೂಸಿಯಮ್ಮಿನಲ್ಲಿದ್ದ ದೇವಿಯ ಪುರಾತನ ಶಿಲ್ಪ ತವರಿಗೆ ಮರಳಿದೆಯಂತೆ. ಇಂಥದ್ದು ಓದಿದರೆ ಎರಡೂ ಕಡೆಯ ವಾದವನ್ನು ಒಬ್ಬನೇ ಮಾಡಿಕೊಳ್ಳುವ ಚಟ ನನಗೆ. ಅಲ್ಲಿದ್ದರೆ ಭದ್ರ; ಇಲ್ಲಿದ್ದರೆ ನಮ್ಮದು. ತೀರ್ಪು ಮಾತ್ರ ಎಂದೂ ಕೊಟ್ಟವನಲ್ಲ.

ನಮ್ಮ ಕುಬಿಹಾಳದ ಕೆರೆದಂಡೆಯ ಬೇವಿನ ಬುಡದಲ್ಲೂ ಒಂದು ಕಲ್ಲಿತ್ತು ನೋಡಿ, ಕೆರೆವ್ವ ಅಂತ. ಎಣ್ಣೆ, ಅರಿಷಿಣ ಮೆತ್ತಿ ಮೆತ್ತಿ ಮುಖ ಯಾವುದು, ಬೆನ್ನು ಯಾವುದು ತಿಳಿಯುತ್ತಿರಲಿಲ್ಲ. ಯಾರ ಮನೆಯ ಎಮ್ಮೆ ಈದರೂ ಮೊದಲ ಬಟ್ಟಲು ಗಿಣ್ಣ ಅವಳಿಗೆ, ಆಮೇಲೆ ಮನೆಮಂದಿಗೆ. ಒಂದು ದಿನ ಅಧಿಕಾರಿಗಳು ಬಂದರು. ಬಹಳ ಹಳೆಯ ಶಿಲ್ಪ, ಕಳ್ಳರ ಪಾಲಾದೀತು ಎಂದು ಪಟ್ಟಣದ ಮ್ಯೂಸಿಯಮ್ಮಿಗೆ ಒಯ್ದರು. ಊರ ಹಿರಿಯರು ಹೆಮ್ಮೆಯಿಂದಲೇ ಜೀಪಿಗೆ ಎತ್ತಿಕೊಟ್ಟರು. ಹೆಂಗಸರನ್ನು ಯಾರೂ ಕೇಳಲಿಲ್ಲ.

ಮುಂದೆ ನಮ್ಮ ಎಮ್ಮೆ ಈದಾಗ ದೊಡ್ಡವ್ವ ಗಿಣ್ಣದ ಡಬ್ಬಿ ಹಿಡಿದು, "ಬಾರಲೇ, ಹೋಗೂಣು" ಎಂದು ಕಾಲೇಜು ಓದುತ್ತಿದ್ದ ನನ್ನನ್ನು ಬಸ್ಸು ಹತ್ತಿಸಿದಳು. ಅಲ್ಲಿ ಕೆರೆವ್ವನನ್ನು ಉಜ್ಜಿ ತೊಳೆದು ನಿಲ್ಲಿಸಿದ್ದರು. ಸಣ್ಣ ನಡು, ಕೈಯಲ್ಲಿ ಕನ್ನಡಿ, ತುಟಿಯಲ್ಲಿ ನಗು. ಫಲಕದಲ್ಲಿ ‘ದರ್ಪಣ ಸುಂದರಿ’ ಎಂದಿತ್ತು. ಇಡೀ ಊರು ಇಷ್ಟು ಕಾಲ ಶೃಂಗಾರ ಮಾಡಿಕೊಳ್ಳುವ ಹುಡುಗಿಗೆ ಅಡ್ಡಬಿದ್ದಿತ್ತು! ನನಗೆ ನಗು ತಡೆಯಲಾಗಲಿಲ್ಲ.

"ದೊಡ್ಡವ್ವಾ, ಇಕಿ ದೇವರಲ್ಲ ಬೇ."

"ಯಾಕ, ಕನ್ನಡಿ ನೋಡ್ಕೊಂಡ್ರ ದೇವರಾಗಬಾರದೇನಲೇ?" ಎಂದವಳೇ ಡಬ್ಬಿ ಬಿಚ್ಚಿದಳು.

ಕಾವಲುಗಾರ ಓಡಿಬಂದ. "ಯಮ್ಮಾ, ಇಲ್ಲೆ ತಿನ್ನೂ ಸಾಮಾನ ತರಂಗಿಲ್ರಿ."

"ನಾ ತಿನ್ನಂಗಿಲ್ಲಪಾ. ಇದು ಅಕಿಗೆ."

ಅವನು ಒಪ್ಪಲಿಲ್ಲ. ಅವನದೂ ತಪ್ಪಲ್ಲ ಬಿಡಿ. ಬಸ್ಸಿನಲ್ಲಿ ದೊಡ್ಡವ್ವ ಸೆರಗು ಬಾಯಿಗಿಟ್ಟು ಅತ್ತಳು. ಊರಿಗೆ ಬಂದು ಆ ಗಿಣ್ಣವನ್ನು ಬೇವಿನ ಖಾಲಿ ಬುಡಕ್ಕೇ ಇಟ್ಟಳು. ಅಂದಿನಿಂದ ಹಾಗೇ ನಡೆದಿದೆ.

ಈಗ ಒಳಗೆ ಹೋಗಿ ದೊಡ್ಡವ್ವನಿಗೆ ಮೊಬೈಲಿನ ಸುದ್ದಿ ಓದಿ ಹೇಳಿದೆ. ದೇವಿ ಮರಳಿ ಬಂದಳೆಂದಾಗ ಅವಳ ಮುಖ ಅರಳಿತು.

"ಅಗದಿ ಚಲೋ ಆತು. ಎಲ್ಲಿಗೆ ಬಂದ್ಲು?"

"ದಿಲ್ಲಿಗೆ. ಅಲ್ಲಿ ಮ್ಯೂಸಿಯಮ್ಮಿಗೆ."

"ದಿಲ್ಲಿ ಅಕೀ ತವರಮನಿ ಏನು?"

ಎರಡೂ ಕಡೆಯ ವಾದ ಬಲ್ಲ ನಾನು ಮೊಬೈಲನ್ನು ಜೇಬಿಗೆ ಹಾಕಿಕೊಂಡೆ. ದೊಡ್ಡವ್ವ ಮೊದಲ ಬಟ್ಟಲು ತುಂಬಿ ಮೇಲೇಳಲು ಹೋದಳು, ಮೊಣಕಾಲು ಕೇಳಲಿಲ್ಲ. ಬಟ್ಟಲನ್ನು ನಾನೇ ಇಸಿದುಕೊಂಡೆ.

ಬೇವಿನ ಬುಡದಲ್ಲಿ ಕಲ್ಲು ಕಿತ್ತ ತಗ್ಗು ಇನ್ನೂ ಇದೆ. ಅದರಲ್ಲಿ ಬಟ್ಟಲು ಇಟ್ಟೆ. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೈಯನ್ನೂ ಮುಗಿದೆ.