ಎಲೆಯ ಕೆಳಗಿನ ಎತ್ತುಗಾಡಿ

ನಾನು ಹಳೆಯ ಸಿನಿಮಾ ಪೋಸ್ಟರ್‌ಗಳನ್ನು ಸಂಗ್ರಹಿಸುತ್ತೇನೆ, ಸಿನಿಮಾ ನೋಡುವುದಿಲ್ಲ. ಕತ್ತಲೆಯಲ್ಲಿ ಕೂರಿಸಿದರೆ ಮಧ್ಯಂತರಕ್ಕೆ ಮೊದಲೇ ನಿದ್ದೆ ಬರುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲವಾದ್ದರಿಂದ ಹೇಳುವುದನ್ನೇ ಬಿಟ್ಟಿದ್ದೇನೆ. ಶಿರಾದ ನನ್ನ ಬಾಡಿಗೆ ಮನೆಯ ಮಂಚದ ಕೆಳಗೆ ಮೀಸೆ ತಿರುವುವ ನಾಯಕರೂ ಕಣ್ಣೀರಿಡುವ ತಾಯಂದಿರೂ ಒಬ್ಬರ ಮೇಲೊಬ್ಬರು ಮಲಗಿದ್ದಾರೆ. ಅದನ್ನು ಒಮ್ಮೆ ಕಂಡ ಮನೆಯ ಒಡತಿ, ನೋಡಲು ಗಂಭೀರವಾಗಿರುವ ಈ ಹುಡುಗಿಯ ಮನಸ್ಸಿನಲ್ಲಿ ಏನೋ ಇದೆ ಎಂದು ತೀರ್ಮಾನಿಸಿದರು. ನಾನು ತಿದ್ದಲು ಹೋಗಲಿಲ್ಲ. ನನ್ನಲ್ಲಿ ಏನೂ ಇಲ್ಲ ಎನ್ನುವುದಕ್ಕಿಂತ ಏನೋ ಇದೆ ಎನ್ನುವುದು ಮೇಲಲ್ಲವೇ?

ಪೋಸ್ಟರ್ ಬಹುಕಾಲ ಬಾಳಲೆಂದು ಹುಟ್ಟಿದ ವಸ್ತುವಲ್ಲ. ಒಂದು ವಾರ ಗೋಡೆಯ ಮೇಲಿದ್ದು ಮುಂದಿನ ವಾರ ಇನ್ನೊಂದರ ಅಡಿ ಸೇರುವುದೇ ಅದರ ಆಯುಷ್ಯ. ಅಷ್ಟೂ ದಿನ ಇರುತ್ತದೆಂಬ ಭರವಸೆಯಿಲ್ಲ; ಮೈದಾ ಅಂಟಿನ ರುಚಿ ಬಲ್ಲ ದನಗಳು ನಾಯಕಿಯನ್ನು ಪಾದದಿಂದ ಸೊಂಟದವರೆಗೆ ತಿಂದು ಮುಗಿಸಿರುತ್ತವೆ. ಶಾಸನ ಕೆತ್ತಿಸಿದ ರಾಜರಿಗೆ ಈ ಚಿಂತೆ ಇರಲಿಲ್ಲ, ಕಲ್ಲನ್ನು ಎಮ್ಮೆ ಮೇಯುವುದಿಲ್ಲ. ಇಷ್ಟಾಗಿಯೂ ಕೆಲವು ಪೋಸ್ಟರ್‌ಗಳು ಉಳಿದಿವೆಯೆಂದರೆ ಅದು ಅವುಗಳ ಮುಖದಿಂದಲ್ಲ, ಬೆನ್ನಿನಿಂದ. ಅಚ್ಚಾಗದ ಆ ಬಿಳಿಯ ಮಗ್ಗುಲನ್ನು ನಮ್ಮ ಸೀಮೆಯ ಜನ ಎಂದೂ ವ್ಯರ್ಥ ಮಾಡಿದವರಲ್ಲ. ನನ್ನ ಬಳಿ ಇರುವವುಗಳಲ್ಲಿ ಹೆಚ್ಚಿನವು ಅಡುಗೆಮನೆಯ ಹಲಗೆಗೆ ಹಾಸಾಗಿ, ಟ್ರಂಕಿನ ತಳವಾಗಿ, ಪಠ್ಯಪುಸ್ತಕಕ್ಕೆ ರಟ್ಟಾಗಿ ದುಡಿದು ನಿವೃತ್ತಿಯಾದವು.

ಈ ಹುಚ್ಚು ಹತ್ತಿಕೊಳ್ಳಲು ಕಾರಣ ನಮ್ಮಜ್ಜಿ, ಅಪ್ಪನ ತಾಯಿ. ಆಕೆ ಮದುವೆಯಾಗಿ ದೊಡ್ಡೇರಿಯ ಕಡೆಗೆ ಬಂದ ಹೊಸತರಲ್ಲಿ ಮಧುಗಿರಿ ಬೆಟ್ಟದ ಬುಡದಲ್ಲಿ ಯಾವುದೋ ಸಿನಿಮಾದ ಚಿತ್ರೀಕರಣ ನಡೆಯಿತಂತೆ. ನಾಯಕಿ ಕೂತ ಗಾಡಿಗೆ ಕಟ್ಟಿದ್ದು ನಮ್ಮ ಮನೆಯ ಎತ್ತುಗಳಂತೆ. ಸಿನಿಮಾದ ಹೆಸರು ಅಜ್ಜಿಗೆ ಗೊತ್ತಿಲ್ಲ. ಹೊಸ ಸೊಸೆಯನ್ನು ಆಗ ಟೆಂಟ್ ಸಿನಿಮಾಕ್ಕೆ ಕಳಿಸಲಿಲ್ಲ. ನೋಡಿಬಂದ ಗಂಡಸರು ಕತೆಯ ಬಗ್ಗೆ ಮಾತಾಡಿದರೇ ಹೊರತು ಎತ್ತಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಆ ಗಂಡಸರು ಈಗಿಲ್ಲ. ಉಳಿದಿರುವುದು ಅಜ್ಜಿಯ ಮಾತು, ಮತ್ತು ಅದನ್ನು ಗೇಲಿ ಮಾಡುವ ನನ್ನ ಚಿಕ್ಕಪ್ಪ. ಟೀವಿಯಲ್ಲಿ ಕೊಂಬಿರುವ ಯಾವ ಪ್ರಾಣಿ ಬಂದರೂ ಅವರು ಒಳಕ್ಕೆ ಕೂಗುತ್ತಾರೆ: "ಅವ್ವೋ, ಬಾ ಇಲ್ಲಿ, ನಿನ್ನ ಎತ್ತು ಬಂದವೆ." ಒಮ್ಮೆ ಅದು ಕಾಡೆಮ್ಮೆಯಾಗಿತ್ತು. ಅಜ್ಜಿ ಮಾತ್ರ ಪ್ರತಿ ಸಲವೂ ಕೈ ಒರೆಸಿಕೊಂಡು ಬಂದು, ನೋಡಿ, ಒಳಕ್ಕೆ ಹಿಂದಿರುಗುತ್ತಿದ್ದರು. ಗೇಲಿಯೆಂದು ಗೊತ್ತಿದ್ದೂ ಬರುತ್ತಿದ್ದರು, ಈ ಸಲ ನಿಜವಾಗಿ ಬಂದಿದ್ದರೆ ಎಂದು. ಅದನ್ನು ನೋಡಲಾಗದೆ ನಾನು ಪೋಸ್ಟರ್ ಹುಡುಕತೊಡಗಿದೆ. ಯಾರಿಗೂ ಹೇಳಲಿಲ್ಲ. ಎತ್ತು ಹುಡುಕುವವಳೆಂದು ಹೆಸರಾಗುವುದಕ್ಕಿಂತ ಸಿನಿಮಾ ಹುಚ್ಚಿನವಳೆಂದಾಗುವುದು ವಾಸಿ.

ಕಳೆದ ವರ್ಷ ಸೋದರತ್ತೆಯ ಮಗಳ ಮದುವೆ ಪಾವಗಡದಲ್ಲಾಯಿತು. ಆ ಕಲ್ಯಾಣ ಮಂಟಪ ಹಿಂದೊಮ್ಮೆ ಚಿತ್ರಮಂದಿರವಾಗಿತ್ತು. ಪರದೆಯಿದ್ದ ಜಾಗದಲ್ಲಿ ವಧೂವರರು ನಿಂತಿದ್ದರು, ಜನ ಮೊದಲಿನಂತೆಯೇ ಎದುರಿಗೆ ಕೂತು ಕತೆ ಮುಗಿದು ಊಟಕ್ಕೆ ಕರೆಯುವುದನ್ನು ಕಾಯುತ್ತಿದ್ದರು. ಎರಡನೆಯ ಪಂಕ್ತಿಯ ಹೊತ್ತಿಗೆ ಮೇಜಿಗೆ ಹಾಸುವ ಕಾಗದದ ಸುರುಳಿ ಮುಗಿದುಹೋಗಿ, ಮಂಟಪದವರು ಮಹಡಿಯಲ್ಲಿ ಹಿಂದೆ ಪ್ರೊಜೆಕ್ಟರ್ ಇದ್ದ ಮೆಷಿನ್ ರೂಮಿನಿಂದ ಏನೋ ಹಳೆಯ ಕಾಗದ ತಂದು ಹಾಸಿದರು. ಬಿಳಿಯಾಗಿಯೇ ಇತ್ತು; ಅದರ ಮೇಲೆ ಎಲೆ ಬಿತ್ತು. ನನ್ನ ಎಡಕ್ಕೆ ಅಜ್ಜಿ, ಬಲಕ್ಕೆ ಚಿಕ್ಕಪ್ಪ.

ಚಿಕ್ಕಪ್ಪನಿಗೆ ಇಷ್ಟು ವಯಸ್ಸಾದರೂ ಅನ್ನಕ್ಕೆ ಕಟ್ಟೆ ಕಟ್ಟಲು ಬರುವುದಿಲ್ಲ. ಅವರ ತಿಳಿಸಾರು ಎಲೆ ದಾಟಿ ಕಾಗದದ ಮೇಲೆ ಹರಿಯಿತು. ತೊಯ್ದ ಕಡೆ ಕಾಗದ ಪಾರದರ್ಶಕವಾಗಿ ಕೆಳಗಿನಿಂದ ಮೊದಲು ಒಂದು ಕೊಂಬು ಮೂಡಿತು. ಆಮೇಲೆ ಒಂದು ಕಣ್ಣು. ಸಾರು ಮುಂದುವರಿದಂತೆ ಗಾಡಿಯ ಚಕ್ರ, ಅದರಾಚೆ ಇಡೀ ಊರಿಗೆ ಬೆನ್ನು ತಿರುಗಿಸಿ ಕೂತಂಥ ಒಂದೇ ಬಂಡೆ: ಮಧುಗಿರಿ ಬೆಟ್ಟ. ತಲೆಕೆಳಗಾಗಿತ್ತು, ಆದರೂ ಅದೇ.

ನನಗೆ ಆಮೇಲಿನ ಊಟ ನೆನಪಿಲ್ಲ. ಪಂಕ್ತಿಯ ನಡುವೆ ಏಳುವಂತಿಲ್ಲ, ಉಣ್ಣುವವರ ಎಲೆ ಎತ್ತುವಂತಿಲ್ಲ. ಕಾಯುವಂತೆಯೂ ಇರಲಿಲ್ಲ. ಮಜ್ಜಿಗೆಯಾಗಿ ಜನ ಏಳುತ್ತಿದ್ದಂತೆಯೇ ಮೇಜಿನ ಆ ತುದಿಯಿಂದ ಒಬ್ಬ ಹೆಂಗಸು ಎಲೆಗಳನ್ನೂ ಕಾಗದವನ್ನೂ ಒಟ್ಟಿಗೆ ಹಾಸಿಗೆಯಂತೆ ಸುತ್ತಿಕೊಂಡು ಬರುತ್ತಿದ್ದಳು; ಅದು ನೇರ ಹೊರಗಿನ ಟ್ರ್ಯಾಕ್ಟರಿಗೆ ಹೋಗುತ್ತಿತ್ತು. ತರಗತಿಯಲ್ಲಿ ಹಾಜರಿಗೂ ಕೈ ಮಾತ್ರ ಎತ್ತುತ್ತಿದ್ದ ನಾನು ಎದ್ದು ನಿಂತು, ಸುತ್ತಬೇಡಿ ಎಂದೆ. ಸಭೆಯೇ ತಿರುಗಿ ನೋಡಿತು.

"ಏಮಿ ಪೋಯಿಂದಮ್ಮಾ, ಉಂಗರಮಾ?" ಎಂದಳು ಆಕೆ. ಉಂಗುರ ಬಿದ್ದುಹೋಯಿತೇ ಎಂದು ಕೇಳುತ್ತಿದ್ದಳು. ಇಲ್ಲಮ್ಮ, ಎಂಜಲೆಲೆಯ ಕೆಳಗೆ ಒಂದು ಪೋಸ್ಟರ್ ಇದೆ, ಅದರಲ್ಲಿ ನಮ್ಮ ಎತ್ತುಗಳಿವೆ ಎಂದು ಅಷ್ಟು ಜನರೆದುರು ಹೇಳುವ ಧೈರ್ಯ ನನಗಿರಲಿಲ್ಲ. ಹೌದೆಂದು ತಲೆ ಆಡಿಸಿದೆ. ಬಂಗಾರವೆಂದ ಮೇಲೆ ಕೇಳಬೇಕೇ? ಕೈ ತೊಳೆಯಲು ಹೊರಟಿದ್ದವರೂ ಹಿಂದಿರುಗಿ ತಂತಮ್ಮ ಎಲೆಗಳನ್ನು ಮಗುವನ್ನು ಎತ್ತುವಂತೆ ಎತ್ತಿದರು. ಚಿಕ್ಕಪ್ಪ ಉಳಿದ ಪಲ್ಯದೊಳಗೂ ಬೆರಳಾಡಿಸಿ ನೋಡಿದರು. ನಾನು ಆ ಗದ್ದಲದಲ್ಲಿ ಕಾಗದವನ್ನು ಮಗುಚಿದೆ.

ಚಿತ್ರದ ಹೆಸರಿದ್ದ ಭಾಗ ತೊಯ್ದು ಮೇಜಿಗೇ ಅಂಟಿಕೊಂಡಿತ್ತು. ಉಳಿದದ್ದು ನಿಚ್ಚಳವಾಗಿತ್ತು: ಬೆಟ್ಟ, ಗಾಡಿ, ಅದರಲ್ಲೊಬ್ಬಳು ನಾಯಕಿ, ಮುಂದೆ ಬಿಳಿಯ ಜೋಡಿ ಎತ್ತು. ಉಂಗುರ ಮರೆತುಹೋಯಿತು. ಚಿಕ್ಕಪ್ಪ ತಮ್ಮ ಶಲ್ಯದ ತುದಿಯಿಂದ ಎತ್ತುಗಳ ಮೇಲಿನ ಸಾರು ಒರೆಸಿದರು. ಅವರ ಮಟ್ಟಿಗೆ ಅದೇ ದೊಡ್ಡ ಕ್ಷಮಾಪಣೆ. ನೆಂಟರು ದಾರಿ ಬಿಟ್ಟರು. ಅಜ್ಜಿ ಕನ್ನಡಕ ಒರೆಸಿಕೊಂಡು ಬಗ್ಗಿದರು.

ಎಷ್ಟೋ ಹೊತ್ತು ನೋಡಿ ಅಂದರು: "ಬೆಟ್ಟ ನಮ್ದೇಯ. ಎತ್ತು ನಮ್ಮವಲ್ಲ ಕಣಮ್ಮ."

ಯಾರಿಗೂ ಅರ್ಥವಾಗಲಿಲ್ಲ. ಅಜ್ಜಿ ವಿವರಿಸಿದರು: ನಮ್ಮ ಎಡಗಡೆಯ ಎತ್ತಿಗೆ ಕಿವಿಯ ತುದಿ ಇರಲಿಲ್ಲ, ಕರುವಾಗಿದ್ದಾಗ ನಾಯಿ ಕಚ್ಚಿತ್ತು. ಇದಕ್ಕೆ ಎರಡು ಕಿವಿಯೂ ಪೂರ್ತಿ ಇವೆ.

ಚಿಕ್ಕಪ್ಪ ಬಿಡಲಿಲ್ಲ. "ಬಣ್ಣ ಬಳಿಯೋನು ಚೆಂದ ಕಾಣ್ಲಿ ಅಂತ ಕಿವಿ ಸೇರಿಸ್ಬುಟ್ಟಿರ್ತಾನೆ ಕಣವ್ವ. ನಿನ್ನ ಎತ್ತೇ ಇವು."

"ಅವನು ಸೇರಿಸಿದ್ರೆ ಅವು ಅವನ ಎತ್ತು," ಎಂದರು ಅಜ್ಜಿ. "ನಮ್ಮವು ಹೆಂಗಾದಾವು?"

ಹೀಗೆಂದು ಕೈ ತೊಳೆಯಲು ಹೋದರು. ಹಿಂದೆಯೇ ನಾಲ್ಕಾರು ನೆಂಟರು, ಇವು ನಿನ್ನವೇ ಎಂದು ಒಪ್ಪಿಸಲು ನಲ್ಲಿಯ ತನಕ ಹೋದರು. ಹೌದೆಂದಾಗ ನಂಬದಿದ್ದವರು ಅಲ್ಲವೆಂದಾಗಲೂ ನಂಬಲಿಲ್ಲ. ಈಗ ಆ ಪೋಸ್ಟರ್‌ನ ಫೋಟೋ ಚಿಕ್ಕಪ್ಪನ ಮೊಬೈಲಿನಲ್ಲಿದೆ. ಯಾವ ನಾಮಕರಣ, ಗೃಹಪ್ರವೇಶಕ್ಕೆ ಹೋದರೂ ನಮ್ಮ ಮನೆಯ ಎತ್ತುಗಳೆಂದು ತೋರಿಸುತ್ತಾರೆ. ಪಕ್ಕದಲ್ಲಿ ಅಜ್ಜಿ ಅಲ್ಲವೆಂದರೆ, ವಯಸ್ಸಾಯಿತು ನೋಡಿ ಎನ್ನುತ್ತಾರೆ.

ನನಗೋ ಅಜ್ಜಿಯ ಮಾತಿನಲ್ಲಿ ಪೂರ್ತಿ ನಂಬಿಕೆ ಬಂದದ್ದು ಅಂದೇ. ಅಷ್ಟು ವರ್ಷ ಕಾದ ಸಾಕ್ಷಿ ತಾನಾಗಿ ಎಲೆಯಡಿ ಬಂದು ಕೂತಾಗ ಒಂದು ಕಿವಿಯ ತುದಿಗಾಗಿ ಅದನ್ನು ಬಿಟ್ಟುಕೊಡುವವರು ಕತೆ ಕಟ್ಟುವುದಿಲ್ಲ. ಹಾಗಾಗಿ ಇನ್ನೂ ಹುಡುಕುತ್ತಿದ್ದೇನೆ. ಉಳಿದ ಸಂಗ್ರಾಹಕರೆಲ್ಲ ಊನವಿಲ್ಲದ ಪೋಸ್ಟರ್ ಬೇಕೆನ್ನುತ್ತಾರೆ. ನನಗೆ ಬೇಕಾದ ಊನ ಯಾವುದೆಂದು ನನಗೆ ಗೊತ್ತು.